ಬೆಳಿಗ್ಗೆ ಸ್ಟಾರ್ಟ್ ಆದ ಕಾರು

ಮೇ 8, 1967, ಸೋಮವಾರ. ಬರ್ಬ್ಯಾಂಕ್

ಓಡಿಸಿದ ಮೈಲಿ ಹನ್ನೊಂದು. ಅದರಲ್ಲಿ ಎರಡು ಹಿಮ್ಮುಖ. ಬ್ರೇಕ್ ಸರಿ, ಹಾರ್ನ್ ಸರಿ, ನನ್ನ ಮೊಣಕಾಲು ಸರಿಯಿಲ್ಲ.

ಕಾರಿನ ಲೆಕ್ಕ ಬರೆದಿಡು ಎಂದು ಸ್ಟುಡಿಯೋದವರು ಈ ದಪ್ಪ ಪುಸ್ತಕ ಕೊಟ್ಟಿದ್ದಾರೆ. ದಿನಕ್ಕೆ ಎರಡು ಸಾಲು ಬರೆಯಲು ಇಷ್ಟು ದೊಡ್ಡ ಪುಟ ಯಾಕೆ ಬೇಕೋ. ಆ ಎರಡು ಸಾಲನ್ನು ಬೇರೆ ಹಾಳೆಯಲ್ಲಿ ಗೀಚಿ ಕೊಟ್ಟುಬಿಡುತ್ತೇನೆ, ಪುಸ್ತಕ ನನಗಿರಲಿ. ಇಡೀ ದಿನ ಬಾಯಿ ಮುಚ್ಚಿಕೊಂಡು ಕೂರುವವನಿಗೆ ಎಲ್ಲಾದರೂ ಒಂದು ಕಡೆ ಮಾತಾಡಬೇಕಲ್ಲ.

ಸಿನಿಮಾ ಮಕ್ಕಳು ಮರಿ ಕೂತು ನೋಡುವಂಥದ್ದು. ಬೆಣ್ಣೆ ಬಣ್ಣದ ಒಂದು ಪುಟ್ಟ ಕಾರು, ಹೆಸರು ಬಾರ್ನಬಿ. ಅದಕ್ಕೆ ಬುದ್ಧಿಯಿದೆ, ಹಟವಿದೆ, ಮನಸ್ಸು ಬಂದ ಕಡೆ ತಾನೇ ಹೋಗುತ್ತದೆ. ಆ ಬುದ್ಧಿ ನಾನು. ಹಿಂದಿನ ಸೀಟು ಕಿತ್ತು, ನೆಲಕ್ಕೆ ಅಂಟಿದಂತೆ ಇನ್ನೊಂದು ಸ್ಟೀರಿಂಗ್, ಇನ್ನೊಂದು ಜೊತೆ ಪೆಡಲ್ ಇಟ್ಟಿದ್ದಾರೆ. ನಾನು ಕಪ್ಪು ಬಟ್ಟೆ ಹೊದ್ದು ಅಲ್ಲಿ ಮುದುಡಿ ಕೂತು, ಬೆರಳಗಲದ ಕಿಂಡಿಯಿಂದ ರಸ್ತೆ ನೋಡುತ್ತಾ ಓಡಿಸಬೇಕು. ಹೊರಗಿನಿಂದ ನೋಡಿದವರಿಗೆ ಕಾರು ಖಾಲಿ. ಹೀರೋ ದಿನಾ ಬೆಳಿಗ್ಗೆ ಬಂದು ಬಾನೆಟ್ ತಟ್ಟಿ "ಹೇಗಿದೀಯಪ್ಪಾ?" ಅನ್ನುತ್ತಾನೆ. ನನ್ನನ್ನು ಒಂದು ದಿನವೂ ಕೇಳಿಲ್ಲ.

ಒಂದೇ ಒಂದು ಕಟ್ಟುನಿಟ್ಟು. ಪ್ರಚಾರದ ಮನುಷ್ಯ ಇವತ್ತು ಎಲ್ಲರನ್ನೂ ನಿಲ್ಲಿಸಿ ಹೇಳಿದ: "ಹೊರಗಿನೋರು ಸೆಟ್‌ನಲ್ಲಿ ಇರೋವರೆಗೆ ಒರಿನ್ ಹೊರಗೆ ಬರೋ ಹಾಗಿಲ್ಲ, ಕೆಮ್ಮೋ ಹಾಗೂ ಇಲ್ಲ. ಒಳಗೆ ಒಬ್ಬ ಮುದುಕ ಕೂತವ್ನೆ ಅಂತ ಒಂದು ಮಗುಗೆ ಗೊತ್ತಾದ್ರೂ ನಮ್ಮ ಸಿನಿಮಾ ಕಥೆ ಮುಗೀತು."

ಐವತ್ತನಾಲ್ಕು ವರ್ಷಕ್ಕೆ ಮುದುಕನಂತೆ.

ಸಂಜೆ ಬಸ್ಸಿನಲ್ಲಿ ಮನೆಗೆ ಬಂದೆ. ಇಡೀ ದಿನ ಕಾರಿನ ಹೊಟ್ಟೆಯಲ್ಲಿ ಕೂತವನಿಗೆ ಬಸ್ಸೇ ಸುಖ. ಶೆಡ್ಡಿನಲ್ಲಿ ನನ್ನ ಹಸಿರು ಕಾರಿನ ಬಾಗಿಲುಗಳಿಗೆ ಎರಡನೆಯ ಕೋಟು ಬಣ್ಣ ಹೊಡೆದೆ. ಸೆಪ್ಟೆಂಬರಿನಲ್ಲಿ ವರ್ನಾ ಮದುವೆ. ಮಗಳನ್ನು ಚರ್ಚಿಗೆ ಅದರಲ್ಲೇ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವಳು ಎಂಟು ವರ್ಷದವಳಿದ್ದಾಗ ಮನೆಯಲ್ಲಿದ್ದ ಕಾರು ಅದು. ಅವಳಿಗೆ ಇನ್ನೂ ಹೇಳಿಲ್ಲ.

ಮೇ 14, ಭಾನುವಾರ

ರಜೆ. ಮೈಲಿ ಇಲ್ಲ.

ಇವತ್ತು ತಾಯಂದಿರ ದಿನ. ಊರಿನ ಹೆಣ್ಣುಮಕ್ಕಳೆಲ್ಲ ಹೂವು ಹಿಡಿದು ಅಮ್ಮಂದಿರ ಮನೆಗೆ ಹೋದರೆ ನನ್ನ ಮಗಳು ಕೋಳಿ ಹುರಿದುಕೊಂಡು ಅಪ್ಪನ ಮನೆಗೆ ಬಂದಳು. ಜೊತೆಗೆ ರಸೆಲ್. ಮದುವೆಯಾಗುವ ಹುಡುಗ, ಅಂಚೆ ಹಂಚುವ ಕೆಲಸ, ಕಡಿಮೆ ಮಾತು. ಒಳ್ಳೆಯವನೇ ಇರಬೇಕು.

ಮದುವೆಗೆ ಕರೆಯುವವರ ಪಟ್ಟಿ ಓದಿದಳು. ಅವಳ ತಾಯಿ ಯೂನಿಸ್ ಹೆಸರು ಇರಲಿಲ್ಲ. ರಸೆಲ್ ಮೆಲ್ಲಗೆ, "ಫ್ರೆಸ್ನೋಗೆ ಒಂದು ಕಾಗದ ಹಾಕಿದ್ರೆ ಏನಾಗತ್ತೆ ವರ್ನಾ? ಹೆತ್ತ ತಾಯಿ ಅಲ್ವಾ?" ಅಂದ.

"ಹೇಳ್ದೆ ಕೇಳ್ದೆ ಗಂಡನ್ನ ಬಿಟ್ಟು ಹೋದೋಳು ಅವಳು. ಅಪ್ಪ ಮನೆಗೆ ಬಂದು ನೋಡಿದ್ರೆ ಬಟ್ಟೆ ಹಾಕೋ ಹ್ಯಾಂಗರ್ ಕೂಡ ಬಿಟ್ಟಿರ್ಲಿಲ್ಲ. ಯಾಕಮ್ಮಾ ಹಿಂಗ್ ಮಾಡ್ದೆ ಅಂತ ಎಷ್ಟು ಸಲ ಕೇಳಿದೀನಿ. ನಿಮ್ಮಪ್ಪನ್ನ ಕೇಳು ಅಂತಾಳೆ ಅಷ್ಟೇ. ಅವನನ್ನ ಕೇಳಿದ್ರೆ ಅವನಿಗೂ ಗೊತ್ತಿಲ್ಲ. ಅಲ್ವೇನಪ್ಪಾ?"

ನಾನು ಕೋಳಿ ತಿನ್ನುತ್ತಿದ್ದೆ.

ಅವಳು ಹೇಳಿದ್ದು ಸರಿಯೇ. 1950ರಲ್ಲಿ ನೆವಾಡಾದ ಮರಳುಗಾಡಿನಲ್ಲಿ ಒಂಬತ್ತು ವಾರ ಶೂಟಿಂಗ್ ಮುಗಿಸಿ ಬಂದಾಗ ಮನೆ ಖಾಲಿ. ಯೂನಿಸ್ ನನಗೆ ಒಂದು ಮಾತೂ ಹೇಳದೆ ಮಗಳನ್ನು ಕರೆದುಕೊಂಡು ಹೋಗಿದ್ದಳು. ವರ್ನಾ ಹದಿನೆಂಟು ತುಂಬಿದ ವಾರವೇ ತಾಯಿಯನ್ನು ಬಿಟ್ಟು ಈ ಊರಿಗೆ ಬಂದಳು, ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಹಿಡಿದಳು. ಅವತ್ತಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ನಾನು ಪುಣ್ಯವಂತ.

ಕೋಳಿ ಸ್ವಲ್ಪ ಒಣಗಿತ್ತು.

ಮೇ 23, ಮಂಗಳವಾರ

ಇಪ್ಪತ್ತಾರು ಮೈಲಿ. ಎಡಗಡೆ ಹಿಂದಿನ ಟೈರಿನ ಮೇಲೆ ಸೆಟ್ಟಿನ ನಾಯಿ ದಿನಾ ಕಾಲೆತ್ತುತ್ತದೆ. ಅದಕ್ಕೂ ಕಾರಿಗೆ ಜೀವವಿದೆ ಅನ್ನುವ ನಂಬಿಕೆ ಹುಟ್ಟಿಲ್ಲ.

ಮಧ್ಯಾಹ್ನ ಊಟದ ಮೇಜಿನಲ್ಲಿ ನಾನೇ ರಾಜ. ಕಥೆ ಬರೆಯುವ ಗ್ರೀಬ್ ಎದುರಿಗೆ ಕೂತಿದ್ದ. ತೆಳ್ಳಗೆ ಕಡ್ಡಿ ಹಾಗಿರುವ ಮನುಷ್ಯ, ಜೇಬಿನ ತುಂಬ ಪೆನ್ಸಿಲ್ ತುಂಡು. "ಒರಿನ್, ನಿನ್ನ ಈ ಕಳ್ಳ ಸೀಟಲ್ಲಿ ಕೂತು ಯಾರ್‍ಯಾರ ಗುಟ್ಟು ಕೇಳಿದೀಯ ಹೇಳು" ಅಂದ. ನಾನು ಹಸಿರು ಕಾರಿನ ಕಥೆ ಶುರು ಮಾಡಿದೆ.

ಆಗ ಈ ವಿದ್ಯೆ ಹೊಸತು. ಇಂಥದ್ದೇ ಒಂದು ಸೀಟನ್ನು ಮೊದಲು ನನ್ನ ಸ್ವಂತ ಕಾರಿನಲ್ಲೇ ಮಾಡಿ, ಸಂಜೆ ಹೊತ್ತು ಮನೆಯ ಮುಂದೆ ಅಭ್ಯಾಸ ಮಾಡುತ್ತಿದ್ದೆ. ಎಂಟು ವರ್ಷದ ಮಗಳಿಗೆ ನಾನು ಒಳಗಿರುವುದು ಗೊತ್ತಿಲ್ಲ. ಕಾರು ತಾನೇ ಮುಂದೆ ಬರುತ್ತದೆ, ತಾನೇ ಹಿಂದೆ ಹೋಗುತ್ತದೆ, ಕರೆದರೆ ಲೈಟು ಮಿನುಗಿಸುತ್ತದೆ. ಅವಳು ದಿನಾ ಅದರ ಹತ್ತಿರ ಬಂದು ಶಾಲೆಯ ಸುದ್ದಿ ಹೇಳುತ್ತಿದ್ದಳು. ಮರುದಿನ ನಾನು ನೆವಾಡಾಗೆ ಹೊರಡಬೇಕು ಅನ್ನುವಾಗ ಒಂದು ಸಂಜೆ ಬಂದು, ಮುಂದಿನ ಬಂಪರಿಗೆ ಒಂದು ಪೆಪ್ಪರಮಿಂಟು ಅಂಟಿಸಿ, ಕಿವಿಯಲ್ಲಿ ಹೇಳುವ ಹಾಗೆ ಲೈಟಿನ ಹತ್ತಿರ ಬಾಯಿಟ್ಟು, "ನಾಳೆ ಬೆಳಿಗ್ಗೆ ಸ್ಟಾರ್ಟ್ ಆಗ್ಬೇಡ, ಪ್ಲೀಸ್" ಅಂದಳು. ಕಾರಿಗೆ ಲಂಚ! ನಾನು ಒಳಗೆ ನಗು ತಡೆಯಲಾರದೆ ತೋಳು ಕಚ್ಚಿಕೊಂಡು ಲೈಟು ಮಿನುಗಿಸಿದೆ, ಆಯ್ತು ಅನ್ನುವ ಹಾಗೆ.

ಮೇಜಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗ್ರೀಬ್ ಮಾತ್ರ ಕೇಳಿದ: "ಬೆಳಿಗ್ಗೆ ಏನಾಯ್ತು?"

"ಏನಾಗತ್ತೆ? ಸ್ಟಾರ್ಟ್ ಆಯ್ತು. ಒಳ್ಳೇ ಕಾರು!"

ಇನ್ನೂ ಜೋರಾಗಿ ನಕ್ಕರು. ಗ್ರೀಬ್ ಪೆನ್ಸಿಲ್ ತೆಗೆದು ಕಾಗದದ ಕರವಸ್ತ್ರದ ಮೇಲೆ ಏನೋ ಬರೆದುಕೊಂಡ.

ಜೂನ್ 6, ಮಂಗಳವಾರ

ಒಂಬತ್ತು ಮೈಲಿ.

ಹೊಸ ಪುಟಗಳು ಬಂದವು. ಕಥೆ ಬದಲಾದಾಗಲೆಲ್ಲ ಗುಲಾಬಿ ಬಣ್ಣದ ಹಾಳೆಯಲ್ಲಿ ಹಂಚುತ್ತಾರೆ. ಗ್ರೀಬ್ ನನ್ನ ಕಥೆಯನ್ನು ಸಿನಿಮಾಕ್ಕೆ ಸೇರಿಸಿದ್ದಾನೆ. ಸಿನಿಮಾದ ಹೀರೋ ಊರೂರು ತಿರುಗಿ ಬ್ರಷ್ ಮಾರುವವನು, ಮನೆ ಕಡೆ ಗಮನವಿಲ್ಲದವನು. ಅವನ ಪುಟ್ಟ ಮಗಳು ಬಾರ್ನಬಿಯ ಬಂಪರಿಗೆ ಪೆಪ್ಪರಮಿಂಟು ಅಂಟಿಸಿ, ನಾಳೆ ಸ್ಟಾರ್ಟ್ ಆಗಬೇಡ ಅನ್ನುತ್ತಾಳೆ. ಹೌದು ಅಂದರೆ ಒಂದು ಸಲ ಮಿನುಗಿಸು, ಇಲ್ಲ ಅಂದರೆ ಎರಡು ಸಲ ಅನ್ನುತ್ತಾಳೆ. ಬಾರ್ನಬಿ ಒಂದು ಸಲ ಮಿನುಗಿಸುತ್ತದೆ. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನೂ ಹಲ್ಲು ಕಿರಿದೆ.

ಆಮೇಲೆ ಮುಂದಿನ ಪುಟ ತಿರುಗಿಸಿದೆ. ಬೆಳಿಗ್ಗೆ ಅಪ್ಪ ಬಂದು ಕೀಲಿ ತಿರುಗಿಸುತ್ತಾನೆ. ಕಾರು ಸ್ಟಾರ್ಟ್ ಆಗುವುದಿಲ್ಲ. ಒದೆಯುತ್ತಾನೆ, ಬೈಯುತ್ತಾನೆ, ನೂಕುತ್ತಾನೆ, ಕೈಕಾಲು ಹಿಡಿಯುತ್ತಾನೆ. ಊಹೂಂ. ಕೊನೆಗೆ ಪೆಟ್ಟಿಗೆ ಕೆಳಗಿಟ್ಟು ಮನೆಯಲ್ಲೇ ಉಳಿದು ಮಗಳಿಗೆ ಬಾಣಲೆಯಲ್ಲಿ ದಪ್ಪ ಪ್ಯಾನ್‌ಕೇಕ್ ಹುಯ್ದು ಕೊಡುತ್ತಾನೆ.

"ಇದು ಆಗಿದ್ದಲ್ಲ" ಅಂದೆ ಗ್ರೀಬ್‌ಗೆ.

"ಗೊತ್ತು ಮಾರಾಯ. ಆಗಿದ್ದನ್ನ ತೋರಿಸಿದ್ರೆ ಮಕ್ಕಳು ಅಳ್ತವೆ."

ಎಂಥ ಮಾತು. ನಾನು ಅವತ್ತು ಅಷ್ಟು ನಗಿಸಿದ್ದೆ.

ಜೂನ್ 18, ಭಾನುವಾರ

ತಂದೆಯರ ದಿನ. ವರ್ನಾ ನನಗೆ ಕಾರು ಓಡಿಸುವ ತೊಗಲಿನ ಕೈಗವಸು ತಂದಳು. ಅಳತೆ ಸರಿಯಾಗಿದೆ.

"ಸಿನಿಮಾದಲ್ಲಿ ಏನು ನಡೀತಿದೆ?" ಎಂದು ಕೇಳಿದಳು. ಏನಿಲ್ಲ, ಹಿಂದೆ ಮುಂದೆ ಓಡಿಸುವುದೇ ಅಂದೆ. ಒಂದು ದಿನ ಸೆಟ್ಟಿಗೆ ಬರಲಾ ಅಂದಳು. ಧೂಳು, ಬಿಸಿಲು, ಯಾಕೆ ಸುಮ್ಮನೆ ಅಂದೆ.

ತಟ್ಟೆ ತೊಳೆಯುತ್ತಾ ಅವಳೇ ಮಾತು ತೆಗೆದಳು. "ನಮ್ಮ ಹಸಿರು ಕಾರು ನೆನಪಿದೆಯೇನಪ್ಪಾ? ನೀನು ನೆವಾಡಾಗೆ ಹೋಗೋ ಹಿಂದಿನ ದಿನ ನಾನು ಅದರ ಹತ್ರ ಹೋಗಿ ಏನೋ ಬೇಡ್ಕೊಂಡಿದ್ದೆ. ಲೈಟ್ ಮಿನುಗ್ತು. ನಂಗೆ ಹನ್ನೆರಡು ವರ್ಷ ಆದಾಗ ರಜೆಗೆ ಇಲ್ಲಿಗೆ ಬಂದಿದ್ದೆ, ನೀನು ನಿನ್ನ ಕಳ್ಳ ಸೀಟಿನ ಗುಟ್ಟು ಹೇಳಿದ್ಯಲ್ಲ, ಆಗ ಕೇಳಿದ್ದೆ, ಅವತ್ತು ಒಳಗಿದ್ಯಾ ಅಂತ."

"ಕ್ಷೌರಕ್ಕೆ ಹೋಗಿದ್ದೆ ಅಂತ ಆಗ್ಲೇ ಹೇಳಿದೀನಲ್ಲ. ಲೈಟಿನ ವೈರ್ ಸಡಿಲ ಇತ್ತು, ತಾನೇ ಮಿನುಗ್ತಿತ್ತು."

"ಹೂಂ, ಹೇಳಿದ್ದೆ ನೀನು." ಅವಳು ನಕ್ಕಳು. "ಆದ್ರೆ ಆ ನಾಲ್ಕು ವರ್ಷ ನಾನೇನ್ ಅಂದ್ಕೊಂಡಿದ್ದೆ ಗೊತ್ತಾ? ನಾನು ಸರಿಯಾಗಿ ಕೇಳ್ಲಿಲ್ಲ, ಅದಕ್ಕೇ ಸ್ಟಾರ್ಟ್ ಆಯ್ತು ಅಂತ. ಒಂದೇ ಪೆಪ್ಪರಮಿಂಟ್ ಕೊಟ್ಟಿದ್ದೆ. ಡಬ್ಬದಲ್ಲಿ ಇನ್ನೂ ಎರಡಿತ್ತು, ನಾನೇ ತಿಂದ್ಬಿಟ್ಟೆ. ಅದೂ ಕೊಟ್ಟಿದ್ರೆ ನಾವು ಮೂರೂ ಜನ ಒಂದೇ ಮನೇಲಿ ಇರ್ತಿದ್ವೇನೋ ಅಂತ ಫ್ರೆಸ್ನೋದಲ್ಲಿ ಎಷ್ಟು ಸಲ ಅತ್ತಿದೀನಿ."

ತಟ್ಟೆ ಒರೆಸಿ ಇಟ್ಟು ಹೋದಳು. ಅವಳು ಹೋದಮೇಲೆ ಹೊಸ ಕೈಗವಸು ಹಾಕಿಕೊಂಡು ಸುಮ್ಮನೆ ಕೂತಿದ್ದೆ.

ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಗ್ರೀಬ್‌ಗೆ ನಾನು ಅರ್ಧ ಮಾತ್ರ ಹೇಳಿದ್ದು. ಅವತ್ತು ಮಗು ಹೇಳಿದ್ದು ಪೂರ್ತಿ ಹೀಗಿತ್ತು: "ನಾಳೆ ಬೆಳಿಗ್ಗೆ ಸ್ಟಾರ್ಟ್ ಆಗ್ಬೇಡ, ಪ್ಲೀಸ್. ಅಪ್ಪ ಈ ಸಲಾನೂ ಹೋದ್ರೆ ವಾಪಸ್ ಬರೋ ಹೊತ್ತಿಗೆ ನಾವಿಬ್ರೂ ಇಲ್ಲಿರಲ್ಲ ಅಂತ ಅಮ್ಮ ಹೇಳ್ತಿದ್ಲು. ಅಪ್ಪಂಗೆ ಗೊತ್ತಿಲ್ಲ."

ಮಕ್ಕಳ ಮಾತು ಅಂದುಕೊಂಡೆ. ಯೂನಿಸ್ ಎಲ್ಲಿಗೆ ಹೋದಾಳು ಅಂದುಕೊಂಡೆ. ನೆವಾಡಾದ ಕೆಲಸ ದೊಡ್ಡದು, ಬಿಟ್ಟರೆ ಇನ್ನೊಬ್ಬ ಕಾದಿದ್ದ. ಲೈಟು ಮಿನುಗಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಪೆಪ್ಪರಮಿಂಟು ಬಂಪರಿನಲ್ಲೇ ಇತ್ತು, ದಾರಿಯಲ್ಲಿ ಬಿಸಿಲಿಗೆ ಕರಗಿ ಹೋಯಿತು.

ಜುಲೈ 10, ಸೋಮವಾರ

ಮೈಲಿ ಬರೆಯಲು ಮರೆತೆ.

ಆ ದೃಶ್ಯ ತೆಗೆದುಹಾಕಿ ಎಂದು ಗ್ರೀಬ್‌ನನ್ನು ಕೇಳಿದೆ. ಡೈರೆಕ್ಟರ್ ಕ್ಲೆಮೆಂಟ್ಸ್‌ರನ್ನು ಕೇಳು ಅಂದ. ಅವರನ್ನು ಕೇಳಿದೆ. "ಒರಿನ್, ಇಡೀ ಸಿನಿಮಾದಲ್ಲಿ ನನ್ನ ಹೆಂಡತಿ ಅತ್ತಿದ್ದು ಅದೊಂದೇ ಪುಟ ಓದಿ. ತಲೆ ಕೆಟ್ಟಿದೆಯೇನಯ್ಯಾ?" ಅಂದರು. ಪೆಪ್ಪರಮಿಂಟನ್ನಾದರೂ ತೆಗೆಯಿರಿ, ಬಿಸ್ಕತ್ತು ಇಡಿ ಅಂದೆ. ಬಿಸ್ಕತ್ತು ಬಂಪರಿಗೆ ಅಂಟಲ್ಲ ಅಂದರು.

ಬುಧವಾರ ಶೂಟಿಂಗು.

ಜುಲೈ 12, ಬುಧವಾರ

ಇವತ್ತಿನದನ್ನು ಆದ ಹಾಗೆ ಬರೆಯಬೇಕು.

ಸೆಟ್ಟಿನಲ್ಲಿ ಮನೆಯ ಮುಂಭಾಗ, ಅಂಗಳ, ಎದುರಿಗೆ ಬಿಳಿ ಹಲಗೆಯ ಗೋಡೆ. ಬೆಳಿಗ್ಗೆ, ಕಾರು ಸ್ಟಾರ್ಟ್ ಆಗದ ಭಾಗ ಶೂಟ್ ಮಾಡಿದೆವು. ಮೂವತ್ತು ವರ್ಷ ಕಾರು ಓಡಿಸಿ ಬದುಕಿದವನು ನಾನು, ಇವತ್ತಿನಷ್ಟು ಚೆನ್ನಾಗಿ ಕೆಲಸ ಮಾಡಿದ ನೆನಪಿಲ್ಲ. ಹೀರೋ ಕೀಲಿ ತಿರುಗಿಸಿದಾಗ ಕಾರನ್ನು ಕೆಮ್ಮಿಸಿದೆ, ನಡುಗಿಸಿದೆ, ಹೊರಡುವ ಹಾಗೆ ಮಾಡಿ ನಿಲ್ಲಿಸಿಬಿಟ್ಟೆ. ಅವನು ನೂಕಿದಾಗ ಬ್ರೇಕ್ ಒತ್ತಿ ಹಿಡಿದೆ, ಕಾಲು ಮರಗಟ್ಟಿದರೂ ಬಿಡಲಿಲ್ಲ. "ಅಬ್ಬಾ, ಏನ್ ಹಟ!" ಅಂತ ಕ್ಲೆಮೆಂಟ್ಸ್ ಕೂಗಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಇಷ್ಟೇ ಮಾಡಬೇಕಾಗಿದ್ದದ್ದು ಅವತ್ತೂ.

ಊಟವಾದ ಮೇಲೆ ಪೆಪ್ಪರಮಿಂಟಿನ ದೃಶ್ಯ. ಪತ್ರಿಕೆಯವರನ್ನೂ ಒಂದಷ್ಟು ಜನರನ್ನೂ ಹಗ್ಗದಾಚೆ ನಿಲ್ಲಿಸಿದ್ದರು. ನಾನು ಒಳಗೆ ಸೇರಿಕೊಂಡ ಮೇಲೆ ಕಿಂಡಿಯಿಂದ ನೋಡುತ್ತೇನೆ, ಹಗ್ಗದ ಹತ್ತಿರ ರಸೆಲ್. ಪಕ್ಕದಲ್ಲಿ ವರ್ನಾ, ಹಳದಿ ಉಡುಪು, ನನ್ನನ್ನು ಚಕಿತಗೊಳಿಸಲು ಬಂದಿದ್ದಾಳೆ. ಕಾರಿನ ಕಡೆ ಕೈ ಬೀಸಿದಳು. ನಾನು ಹೊರಗೆ ಬರುವ ಹಾಗಿಲ್ಲ.

ಪುಟ್ಟ ನಟಿ ಪೆಗ್ಗಿ ಬಂದು ಬಂಪರಿಗೆ ಪೆಪ್ಪರಮಿಂಟು ಅಂಟಿಸಿದಳು. ಲೈಟಿನ ಹತ್ತಿರ ಬಾಯಿಟ್ಟು ಹೇಳಿದಳು. ಒಂದು ಸಲ ಅಂದ್ರೆ ಹೌದು, ಎರಡು ಸಲ ಅಂದ್ರೆ ಇಲ್ಲ. ನಾನು ಒಂದು ಸಲ ಮಿನುಗಿಸಿದೆ. ಕಿಂಡಿಯಲ್ಲಿ ನನಗೆ ಮಗಳ ಮುಖ ಮಾತ್ರ ಕಾಣುತ್ತಿತ್ತು. ಮೊದಲು ನಗುತ್ತಿದ್ದಳು. ಪೆಪ್ಪರಮಿಂಟು ಕಂಡಾಗ ಆ ನಗು ಅಲ್ಲೇ ನಿಂತಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಕಳೆದ ತಿಂಗಳು ನನಗೆ ಹೇಳುವವರೆಗೆ. ಈ ಪುಟಗಳು ಅದಕ್ಕೂ ಮೊದಲೇ ಅಚ್ಚಾಗಿದ್ದವು, ಹಾಳೆಯ ತಲೆಯ ಮೇಲೆ ತಾರೀಕು ಇರುತ್ತದೆ. ಪ್ರಚಾರದವನು ಅವಳ ಕೈಗೂ ಒಂದು ಪ್ರತಿ ಕೊಟ್ಟಿದ್ದ. ಅವಳು ತಲೆ ಬಗ್ಗಿಸಿ ನೋಡಿದಳು.

ಶಾಟ್ ಮುಗಿದ ಮೇಲೆ ಬಂದವರೆಲ್ಲ ಕಾರಿನ ಜೊತೆ ಫೋಟೋ ತೆಗೆಸಿಕೊಂಡರು. ಕೊನೆಯಲ್ಲಿ ಅವಳ ದನಿ ಕೇಳಿಸಿತು. "ಒಂದು ನಿಮಿಷ ಒಳಗೆ ಕೂತ್ಕೋಬಹುದಾ?"

"ಧಾರಾಳವಾಗಿ ಕೂತ್ಕೊಳ್ಳಿ" ಅಂದ ಪ್ರಚಾರದವನು.

ಬಾಗಿಲು ತೆಗೆದು ಕೂತಳು, ಮುಚ್ಚಿದಳು. ಅವಳ ಬೆನ್ನಿಗೂ ನನ್ನ ಮೂಗಿಗೂ ನಡುವೆ ಒಂದು ತಗಡು, ಒಂದು ಬಟ್ಟೆ. ಅವಳು ಉಸಿರಾಡುವುದು ಕೇಳುತ್ತಿತ್ತು. ಎದುರು ನೋಡುತ್ತಲೇ ಮಾತಾಡಿದಳು, ನನ್ನ ಜೊತೆಗಲ್ಲ, ಕಾರಿನ ಜೊತೆ.

"ಎಂಟು ವರ್ಷದಲ್ಲಿ ನಿನ್ನ ಕೇಳಿದ್ದೆ. ಇವತ್ತು ಇನ್ನೊಂದೇ ಒಂದು ಕೇಳ್ತೀನಿ. ಅವತ್ತು ವೈರ್ ಸಡಿಲ ಇತ್ತಾ? ಹೌದು ಅಂದ್ರೆ ಒಂದು ಸಲ. ಇಲ್ಲ ಅಂದ್ರೆ ಎರಡು."

ನನ್ನ ಬೆರಳು ಗುಂಡಿಯ ಮೇಲಿತ್ತು. ಬಾಯಿ ಬಿಟ್ಟು ಕರೆಯಬಹುದಿತ್ತು. ಹೊರಗೆ ಪತ್ರಿಕೆಯವರು ನಿಂತಿದ್ದರು, ಹೊರಗೆ ಬರಬಾರದು ಅನ್ನುವ ಕಟ್ಟಳೆಯಿತ್ತು. ನಿಜ ಹೇಳಬೇಕೆಂದರೆ ಆ ಕಟ್ಟಳೆ ಇದ್ದದ್ದು ನನಗೆ ಒಳ್ಳೆಯದೇ ಆಯಿತು.

ಗುಂಡಿ ಒತ್ತಿದೆ. ಎದುರಿನ ಬಿಳಿ ಹಲಗೆಯ ಮೇಲೆ ಬೆಳಕು ಬಿತ್ತು, ಆರಿತು.

ಅವಳು ಕಾದಳು. ನಾನು ಮತ್ತೆ ಒತ್ತಬೇಕು. ಒತ್ತಿದರೆ ಎಲ್ಲ ಮುಗಿಯಿತು, ಭಾನುವಾರಗಳು ಮುಗಿದವು, ಅಪ್ಪನಾಗಿ ಮದುಮಗಳ ಕೈ ಹಿಡಿದು ಚರ್ಚಿನಲ್ಲಿ ನಡೆಯುವುದು ಮುಗಿಯಿತು. ಒಂದಕ್ಕೇ ಬಿಟ್ಟರೆ ವೈರು ಸಡಿಲ, ಎಂದಿನಂತೆ ಕೋಳಿ ಊಟ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಬಾಗಿಲು ತೆಗೆದ ಸದ್ದು, ಮುಚ್ಚಿದ ಸದ್ದು. ಅವಳು ಬೆನ್ನು ಹಾಕಿ ಹೋಗುತ್ತಿದ್ದಳು.

ಆಗ ಒತ್ತಿದೆ.

ಬೆಳಕು ಬಿತ್ತು. ಅವಳು ತಿರುಗಲಿಲ್ಲ. ನೋಡಿದಳೋ ಇಲ್ಲವೋ ಗೊತ್ತಿಲ್ಲ.

ಜುಲೈ 16, ಭಾನುವಾರ

ಬರಲಿಲ್ಲ.

ಜುಲೈ 23, ಭಾನುವಾರ

ಬರಲಿಲ್ಲ. ಡಬ್ಬಿಯ ಸೂಪು ಬಿಸಿ ಮಾಡಿ ಕುಡಿದೆ. ಹಸಿರು ಕಾರಿನ ಚಕ್ರಗಳ ತಟ್ಟೆ ಉಜ್ಜಿದೆ. ಉಜ್ಜಿದ್ದನ್ನೇ ಮತ್ತೆ ಉಜ್ಜಿದೆ.

ಜುಲೈ 30, ಭಾನುವಾರ

ರಸೆಲ್ ಒಬ್ಬನೇ ಬಂದ. ಕಾಗದ ತಲುಪಿಸಲು ಬಂದವನ ಹಾಗೆ ಬಾಗಿಲಲ್ಲೇ ನಿಂತ. ಶೆಡ್ಡಿನ ಬಾಗಿಲು ತೆರೆದಿತ್ತು, ಕಾರನ್ನು ನೋಡಿದ.

"ವರ್ನಾ ಹೇಳಿ ಕಳ್ಸಿದಾಳೆ. ಎರಡು ಸಲ ಬೆಳಕು ಬಿದ್ದಿದ್ದು ಎಣಿಸಿದಾಳಂತೆ."

"ಇನ್ನೇನಂದಳು?"

"ಹೋದ ವಾರ ಫ್ರೆಸ್ನೋಗೆ ಹೋಗಿದ್ಲು. ಅಮ್ಮನ್ನ ಮದುವೆಗೆ ಕರೆದು ಬಂದ್ಲು. ಅಲ್ಲಿ ಏನು ಮಾತಾಯ್ತೋ ನಂಗೂ ಹೇಳಿಲ್ಲ, ಬಂದ ಮೇಲೆ ಎರಡು ದಿನ ಅಡುಗೇನೂ ಮಾಡ್ಲಿಲ್ಲ." ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನೀವೂ ಬರ್ಬೇಕಂತೆ. ಆದ್ರೆ ಚರ್ಚಿನಲ್ಲಿ ಅವಳು ಒಬ್ಬಳೇ ನಡ್ಕೊಂಡು ಬರ್ತಾಳಂತೆ. ನೀವು ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ ಅಂದ್ಲು."

"ಕಾಫಿ ಕುಡೀತೀಯೇನಪ್ಪಾ?"

"ಬೇಡ ಸರ್. ವರ್ನಾ ಅಮ್ಮನಿಗೆ ಒಂದು ಫೋನ್ ಮಾಡಿ. ಇದು ಅವಳು ಹೇಳಿದ್ದಲ್ಲ, ನಾನು ಹೇಳ್ತಿರೋದು."

ಕಡಿಮೆ ಮಾತಿನವನು ಅಂದುಕೊಂಡಿದ್ದೆ. ಬೇಕಾದಷ್ಟು ಆಡುತ್ತಾನೆ.

ಆಗಸ್ಟ್ 6, ಭಾನುವಾರ

ಫೋನ್ ಮಾಡಿದೆ. ಹದಿನೇಳು ವರ್ಷದ ಮೇಲೆ ಅವಳ ದನಿ. ವಯಸ್ಸಾಗಿದೆ, ಹೆಚ್ಚೇನೂ ಬದಲಾಗಿಲ್ಲ.

ಏನೇನೋ ಸುತ್ತಿ ಬಳಸಿ ಕೊನೆಗೆ ಹೇಳಿದೆ: "ಯೂನಿಸ್, ಅವತ್ತು ಮಗು ಕಾರಿಗೆ ಹೇಳಿದ್ದು ನಾನು ಒಳಗಿಂದ ಕೇಳಿಸ್ಕೊಂಡಿದ್ದೆ. ನೀನು ಹೋಗ್ತೀಯ ಅಂತ ನಂಗೆ ಗೊತ್ತಿತ್ತು. ಊರಿಗೆಲ್ಲ ಹೇಳ್ದೆ ಕೇಳ್ದೆ ಹೋದ್ಲು ಅಂತ ಹೇಳ್ಕೊಂಡು ಬಂದೆ."



"ನೀನು ಕೇಳಿಸ್ಕೊಂಡೆ ಅಂತ ನಂಗೂ ಗೊತ್ತು ಒರಿನ್. ಅವಳನ್ನ ಕಳ್ಸಿದ್ದೇ ನಾನು."

"ಏನು?"

"ನೀನು ಒಳಗೆ ಸೇರ್ಕೊಳ್ಳೋದನ್ನ ಅಡುಗೆಮನೆ ಕಿಟಕಿಯಿಂದ ನೋಡ್ದೆ. ನಿನ್ನ ಎದುರು ನಿಂತು ಹೇಳೋಕೆ ನಂಗೆ ಬಾಯಿ ಬರ್ತಿರ್ಲಿಲ್ಲ. ಹೇಳೋಕೆ ಬಂದ್ರೆ ನೀನು ಜೋಕ್ ಮಾಡ್ತಿದ್ದೆ. ನಾನು ಬಿಟ್ಟು ಹೋಗೋ ವಿಷಯ ಫೋನಲ್ಲಿ ಮಾತಾಡೋದನ್ನ ಮಗು ಕದ್ದು ಕೇಳಿಸ್ಕೊಂಡಿತ್ತು, ನಂಗೆ ಗೊತ್ತಾಗಿಲ್ಲ ಅಂದ್ಕೊಂಡಿತ್ತು. ಹೋಗು ಪುಟ್ಟಿ, ನಿನ್ನ ಮನಸ್ಸಲ್ಲಿರೋದನ್ನೆಲ್ಲ ಕಾರಿಗೆ ಹೇಳು ಅಂದೆ. ಅವಳ ಬಾಯಲ್ಲಾದ್ರೂ ಕೇಳ್ತೀಯ ಅಂತ. ಲೈಟ್ ಮಿನುಗ್ತು. ಕಿಟಕಿಯಿಂದ ನೋಡಿ ದೇವರೇ ಅಂದೆ. ನಿನ್ನ ಪೆಟ್ಟಿಗೆಯಿಂದ ಅಂಗಿ ತೆಗೆದು ಮತ್ತೆ ಬೀರುವಲ್ಲಿ ಇಟ್ಟೆ."

ಅದು ನನಗೆ ನೆನಪಿದೆ. ಬೆಳಿಗ್ಗೆ ಪೆಟ್ಟಿಗೆ ಖಾಲಿ ಇತ್ತು. ಈ ಹೆಂಗಸಿಗೆ ಒಂದು ಪೆಟ್ಟಿಗೆ ತುಂಬಲೂ ಬರುವುದಿಲ್ಲ ಎಂದು ಗೊಣಗಿ ನಾನೇ ಮತ್ತೆ ತುಂಬಿಕೊಂಡು ಹೋಗಿದ್ದೆ.

"ಆಮೇಲೆ ಸ್ಟಾರ್ಟ್ ಆಗಿದ್ದು ಕೇಳಿಸ್ತು" ಅಂದಳು. "ಮಗು ಕೈಲಿ ಹೇಳಿಸಿದ್ದಕ್ಕೆ ನಂಗೆ ನಾಚಿಕೆ. ಅದಕ್ಕೇ ಅವಳಿಗೆ ಯಾವತ್ತೂ ಹೇಳ್ಲಿಲ್ಲ. ಮೊನ್ನೆ ಬಂದಾಗ ಹೇಳ್ದೆ. ನನ್ನ ಪಾಲಿಂದು ನಾನು ಹೇಳಿ ಆಯ್ತು."

ಕ್ಷಮಿಸು ಅಂದೆ. ಆ ಮಾತನ್ನು ಇಷ್ಟು ಸಣ್ಣ ದನಿಯಲ್ಲಿ ಹೇಳಬಾರದಿತ್ತು, ದೂರದ ಫೋನು, ಕೇಳಿಸಿತೋ ಇಲ್ಲವೋ. ಇನ್ನೊಂದು ಸಲ ಅಂದೆ. "ಕೇಳಿಸ್ತು" ಅಂದಳು.

ಆಗಸ್ಟ್ 25, ಶುಕ್ರವಾರ

ಶೂಟಿಂಗ್ ಮುಗಿಯಿತು. ಕೇಕು ಕತ್ತರಿಸಿದರು. ಕಾರಿನ ಬಾನೆಟ್ಟಿಗೂ ಒಂದಿಷ್ಟು ಕ್ರೀಮು ಹಚ್ಚಿದರು. ಸಿನಿಮಾದಲ್ಲಿ ನನ್ನ ಹೆಸರು ಬರುವುದಿಲ್ಲ, ಬಂದರೆ ಮಕ್ಕಳಿಗೆ ಗುಟ್ಟು ಗೊತ್ತಾಗುತ್ತದಲ್ಲ. ಗ್ರೀಬ್ ಹತ್ತಿರ ಬಂದು "ನಿನ್ನ ಮಗಳಿಗೆ ಇಷ್ಟ ಆಗತ್ತೆ ನೋಡು" ಅಂದ. ಅವನದೇನು ತಪ್ಪು. ಥ್ಯಾಂಕ್ಸ್ ಅಂದೆ.

ಸೆಪ್ಟೆಂಬರ್ 9, ಶನಿವಾರ

ಬೆಳಿಗ್ಗೆ ಐದಕ್ಕೇ ಎದ್ದೆ. ಬೂದು ಸೂಟು, ಹೊಸ ಟೈ, ವರ್ನಾ ಕೊಟ್ಟ ಕೈಗವಸು. ಶೆಡ್ಡಿನ ಬಾಗಿಲು ತೆಗೆದೆ. ಹಸಿರು ಕಾರು ಹೊಸದರ ಹಾಗೆ ಹೊಳೆಯುತ್ತಿತ್ತು. ಚರ್ಚಿನಲ್ಲಿ ಕೈ ಹಿಡಿದು ನಡೆಸದಿದ್ದರೂ ಪರವಾಗಿಲ್ಲ, ಮದುವೆಯಾದ ಮೇಲೆ ಅವರಿಬ್ಬರನ್ನು ಇದರಲ್ಲಿ ಕೂರಿಸಿಕೊಂಡು ಹೋಗುತ್ತೇನೆ, ನೋಡಿದರೆ ಸ್ವಲ್ಪ ಕರಗುತ್ತಾಳೆ ಅನ್ನುವ ಆಸೆ ಇವತ್ತು ಬೆಳಗಿನವರೆಗೂ ಇತ್ತು. ಇಲ್ಲದಿದ್ದರೆ ಯಾಕೆ ಉಜ್ಜುತ್ತಿದ್ದೆ.

ಒಳಗೆ ಕೂತು ಕೀಲಿ ಹಾಕಿದೆ. ತಿರುಗಿಸಲು ಕೈ ಬರಲಿಲ್ಲ.

ಕೆಟ್ಟಿರಲಿ ಅಂದುಕೊಂಡೆ. ಇಳಿದು ಬಾನೆಟ್ ಎತ್ತಿ ಒಂದೊಂದೇ ವೈರು ಹಿಡಿದು ನೋಡಿದೆ. ಎಲ್ಲ ಗಟ್ಟಿಯಾಗಿದ್ದವು. ಮುಚ್ಚಿದೆ. ಮತ್ತೆ ಕೂತೆ. ಮನೆಯ ಕಡೆ ನೋಡಿದೆ, ಅಡುಗೆಮನೆಯ ಕಿಟಕಿ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಇಷ್ಟು ವರ್ಷದಲ್ಲಿ ಗಮನಿಸಿರಲಿಲ್ಲ.

ಕೀಲಿಯನ್ನು ಅಲ್ಲೇ ಬಿಟ್ಟು ಬಸ್ಸು ಹಿಡಿದೆ. ಶನಿವಾರ ಬಸ್ಸು ಕಡಿಮೆ, ಒಂದು ಬಿಟ್ಟು ಇನ್ನೊಂದು ಹತ್ತಬೇಕು. ನಾನು ಚರ್ಚಿನ ಬಾಗಿಲಿಗೆ ಬಂದಾಗ ಅವಳು ಅರ್ಧ ದಾರಿ ನಡೆದಾಗಿತ್ತು. ಬೆನ್ನು ನೆಟ್ಟಗೆ, ಒಬ್ಬಳೇ. ನಾನು ಕೊನೆಯ ಸಾಲಿನಲ್ಲಿ ಕೂತೆ. ಎಲ್ಲಕ್ಕೂ ಮುಂದಿನ ಸಾಲಿನಲ್ಲಿ ಒಂದು ನೀಲಿ ಟೋಪಿ ಕಾಣುತ್ತಿತ್ತು, ಅದು ಅಲುಗುತ್ತಿತ್ತು, ಯೂನಿಸ್ ಅಳುತ್ತಿದ್ದಳು. ನಾನೂ ಅತ್ತೆ. ಪಕ್ಕದ ಹೆಂಗಸು ಕರವಸ್ತ್ರ ಕೊಟ್ಟು, "ಹುಡುಗನ ಕಡೆಯೋರಾ?" ಎಂದು ಕೇಳಿದಳು. ಹೂಂ ಅಂದೆ.

ಹೊರಗೆ ಮೆಟ್ಟಿಲ ಮೇಲೆ ಅಕ್ಕಿ ಎರಚಿದರು. ಅರ್ಧ ಅಕ್ಕಿ ನನ್ನ ಮೇಲೇ ಬಿತ್ತು. ಎಲ್ಲರ ಕೈ ಕುಲುಕಿ ಮುಗಿದ ಮೇಲೆ ವರ್ನಾ ನನ್ನ ಎದುರಿಗೆ ಬಂದು ನಿಂತಳು.

"ಬಸ್ಸಲ್ಲಿ ಬಂದ್ಯಾ?"

"ಹೂಂ."

"ಹಸಿರು ಕಾರಿಗೆ ಬಣ್ಣ ಹೊಡೀತಿದೀಯ ಅಂತ ರಸೆಲ್ ಹೇಳ್ದ. ತಂದ್ರೆ ನಾನು ಹತ್ತಲ್ಲ ಅಂತ ಹೇಳೋಕೆ ಕಾಯ್ತಿದ್ದೆ."

"ಸ್ಟಾರ್ಟ್ ಆಗ್ಲಿಲ್ಲ."

ಅವಳ ಮುಖ ಗಟ್ಟಿಯಾಯಿತು. "ವೈರ್ ಸಡಿಲಾನಾ?"

"ಇಲ್ಲ. ವೈರ್ ಎಲ್ಲ ಸರಿಯಾಗಿದೆ. ಅವತ್ತೂ ಸರಿಯಾಗೇ ಇತ್ತು. ಇವತ್ತು ನಾನೇ ಸ್ಟಾರ್ಟ್ ಮಾಡ್ಲಿಲ್ಲ ಪುಟ್ಟಿ."

ಮೆಟ್ಟಿಲ ಕೆಳಗಿಂದ ಯಾರೋ ಅವಳನ್ನು ಕೂಗಿದರು. ನನ್ನ ಭುಜದ ಮೇಲೆ ಬಿದ್ದಿದ್ದ ಅಕ್ಕಿಯನ್ನು ಒಂದೊಂದೇ ಕಾಳು ಹೆಕ್ಕಿ ತೆಗೆದಳು. ಬಹಳ ಹೊತ್ತು ತೆಗೆದುಕೊಂಡಳು.

"ಹದಿನೇಳು ವರ್ಷ ತಡ ಆಯ್ತಲ್ಲಪ್ಪಾ" ಅಂದಳು.

ಆಮೇಲೆ ಇಳಿದು ಹೋದಳು. ಅವರು ರಸೆಲ್‌ನ ಕಾರಿನಲ್ಲಿ ಹೊರಟರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಓಡಿಸಿದ ಮೈಲಿ ಸೊನ್ನೆ.